ಬಿರಡೆಗೆ ಕಟ್ಟಿದ ಕೆಂಪು ದಾರ

ತಮ್ಮ ಸತ್ತ ಸುದ್ದಿ ಬಂದ ದಿನ ಅಂಗಡಿಯ ಫೋನ್ ಬಹಳ ಹೊತ್ತು ಹೊಡೆದುಕೊಂಡಿತು. ಅಣ್ಣ ಪಕ್ಕದಲ್ಲೇ ಕೂತು, ಯಾರೂ ಕೊಳ್ಳದ ಹಳೆಯ ಪಿಯಾನೊದ ಧೂಳು ಒರೆಸುತ್ತಿದ್ದ. ಕೊನೆಗೆ ಹೆಂಡತಿಯೇ ಒಳಗಿನಿಂದ ಬಂದು ಎತ್ತಿದಳು.

"ರೀ, ನಿಮ್ಮ ತಮ್ಮ ಹೋಗಿಬಿಟ್ರಂತೆ. ನಿನ್ನೆ ಕಾರ್ಯಕ್ರಮ ಮುಗಿಸಿ ವೇದಿಕೆ ಇಳೀತಿದ್ದ ಹಾಗೇ."

ಅವಳು ಎರಡನೆಯ ಸಲ ಹೇಳಬೇಕಾಯಿತು.

"ಆ ಗಲಾಟೆಗೆ ಎದೆ ಒಡೀದೆ ಇನ್ನೇನಾಗುತ್ತೆ?" ಎಂದ ಅಣ್ಣ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

ವಾದ್ಯಗಳಿಗೆ ಶ್ರುತಿ ಕೂಡಿಸುವುದು ಅಣ್ಣನ ಕಸುಬು, ಅಪ್ಪನಿಂದ ಬಂದದ್ದು. ಶ್ರುತಿ ಕೆಡಿಸುವುದು ತಮ್ಮನ ಕಸುಬು. ತಲೆಗೆ ಬಕೆಟ್ ಕವುಚಿಕೊಂಡು, ಜನರಿಗೆ ಬೆನ್ನು ಹಾಕಿ, ತಗಡಿಗೆ ಒದೆಯುತ್ತ ಗಿಟಾರ್ ಬಾರಿಸುತ್ತಿದ್ದ. ಒಮ್ಮೆ ಸ್ನಾನದ ತೊಟ್ಟಿಯಲ್ಲಿ ಮಲಗಿಕೊಂಡೇ ಹಾಡು ಮುಗಿಸಿದ. ರಾಕ್ ಸಂಗೀತದ ಹುಚ್ಚರು ಅವನನ್ನು ಮುದ್ದಿನಿಂದ 'ತಗಡು' ಎಂದರು. ಅಣ್ಣನೂ ಹಾಗೇ ಕರೆಯುತ್ತಿದ್ದ, ಮುದ್ದಿಲ್ಲದೆ. ಎಲ್ಲಕ್ಕಿಂತ ಹೆಚ್ಚು ಹೆಸರು ತಂದದ್ದು ಆ ಗಿಟಾರಿನ ಅಪಶ್ರುತಿ. ಕೇಳಿದವರ ಹಲ್ಲು ಜುಮ್ಮೆನ್ನುತ್ತಿತ್ತು. ಪತ್ರಿಕೆಗಳು ಅದನ್ನು ಹೊಸ ಯುಗವೆಂದವು.

ಅಣ್ಣನ ಸಂಕಟ ಅದೇ. ಹದಿನೈದು ವರ್ಷದಿಂದ ಆ ಗಿಟಾರಿಗೆ ಶ್ರುತಿ ಕೂಡಿಸುತ್ತಿದ್ದವನು ಅವನೇ. ಉಳಿದ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಈ ತಗಡಿನಿಂದಲೇ ತನ್ನ ಹೆಸರು ಕೆಟ್ಟಿತೆಂದು ಅವನು ನಂಬಿದ್ದ. ಅದಕ್ಕೇ ಪ್ರತಿ ಸಲ ಕೆಲಸ ಮುಗಿದ ಮೇಲೆ ತಂತಿ ತಿರುವುವ ಬಿರಡೆಗಳನ್ನೆಲ್ಲ ಸೇರಿಸಿ ಕೆಂಪು ದಾರ ಬಿಗಿದು, ಅಪ್ಪ ಕಲಿಸಿದ ಗಂಟು ಹಾಕುತ್ತಿದ್ದ. ದಾರ ಕತ್ತರಿಸದೆ ಒಂದು ಬಿರಡೆಯೂ ತಿರುಗದು. ಗಿಟಾರ್ ಮರಳಿ ಬಂದಾಗಲೆಲ್ಲ ದಾರ ತುಂಡಾಗಿರುತ್ತಿತ್ತು.

ಶ್ರದ್ಧಾಂಜಲಿ ಸಭೆಯ ದಿನ, ತಂಡದ ಡ್ರಮ್ಮಿನವನು ಗಿಟಾರಿನ ಪೆಟ್ಟಿಗೆ ಹೊತ್ತು ಅಣ್ಣನನ್ನು ಕರೆದೊಯ್ಯಲು ಬಂದ.

"ಅಣ್ಣಾ, ನೀವೂ ನಾಲ್ಕು ಮಾತಾಡ್ಬೇಕು."

"ಆಡ್ತೀನಿ. ನಾನು ಸರಿಯಾಗೇ ಕೊಡ್ತಿದ್ದೆ, ಕೆಡಿಸಿದ್ದು ಆ ತಗಡು ಅಂತ ಎಲ್ಲರ ಮುಂದೆ ಹೇಳ್ತೀನಿ. ನನ್ನ ಹೆಸರಾದ್ರೂ ಉಳೀಲಿ."

"ಹಾಗೇ ಹೇಳಿ ಅಣ್ಣಾ. ಅವನಿಗೂ ಅದೇ ಬೇಕಿತ್ತು."

"ಕೊನೇ ದಿನವೂ ಹಾಗೇ ಬಾರಿಸಿದ್ನಾ?"

"ಯಾವತ್ತಿಗಿಂತ ಜಾಸ್ತಿ ಅಪಶ್ರುತಿ. ಜನ ಎದ್ದು ಕುಣಿದ್ರು."

"ನಾಚಿಕೆಗೆಟ್ಟವನು!" ತುಂಡಾದ ದಾರವನ್ನೇ ಸಭೆಗೆ ತೋರಿಸೋಣವೆಂದು ಅಣ್ಣ ಪೆಟ್ಟಿಗೆ ತೆರೆದ.

ದಾರ ತುಂಡಾಗಿರಲಿಲ್ಲ. ಅಪ್ಪನ ಗಂಟು ಹಾಕಿದ ಹಾಗೇ ಇತ್ತು.

"ಇದನ್ನೇ ಬಾರಿಸಿದ್ನಾ?"

"ಅವನ ಹತ್ರ ಇದ್ದದ್ದು ಇದೊಂದೇ ಅಲ್ವಾ? ದಾರ ಕತ್ತರಿಸ್ತಿದ್ದದ್ದು ಯಾವಾಗಲೂ ಕಾರ್ಯಕ್ರಮ ಮುಗಿಸಿ ಮನೆಗೆ ಹೋದ್ಮೇಲೆ. ಈ ಸಲ..." ಡ್ರಮ್ಮಿನವನು ತುಟಿ ಕಚ್ಚಿಕೊಂಡ.

ಅಣ್ಣ ಆರೂ ತಂತಿಗಳನ್ನು ಮೀಟಿದ. ಅವನಿಗೆ ಎಲ್ಲವೂ ಚೊಕ್ಕವಾಗಿ ಕೇಳಿಸಿತು. ತಲೆ ಎತ್ತಿ ನೋಡಿದರೆ ಡ್ರಮ್ಮಿನವನ ಮುಖ ಕಿವುಚಿಕೊಂಡಿತ್ತು. ಬಾಗಿಲಲ್ಲಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಸಭೆಯಲ್ಲಿ ಅವನು ಕೈಮುಗಿದು ನಿಂತ. ಇಷ್ಟೇ ಹೇಳಿದ:

"ದೇವರೇ, ನನ್ನ ತಮ್ಮನಿಗೆ ಶಾಂತಿ ಕೊಡು. ಅಲ್ಲಾದರೂ ಅವನ ಗಿಟಾರಿಗೆ, ಕಿವಿ ನೆಟ್ಟಗಿರುವವರು ಶ್ರುತಿ ಕೂಡಿಸಿಕೊಡಲಿ."