ಅರ್ಧ ಲೋಟ ಟೀ

ಹಿರಿಯ ಮರಿಸ್ವಾಮಿ ಟೀ ಫ್ಲಾಸ್ಕನ್ನು ಕೈಗಿತ್ತಾಗ ಸಿದ್ದರಾಜು ಅದನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಂಡ. ಟಿ. ನರಸೀಪುರದ ಈ ಕುಡಿತ ಬಿಟ್ಟವರ ಸಭೆಯಲ್ಲಿ ಹೊಸಬರಿಗೆ ಟೀ ಬಗ್ಗಿಸುವುದು ಕೈ ನಡುಗದವರ ಕೆಲಸ.

ಮೂರು ತಿಂಗಳ ಹಿಂದೆ, ಪರಿಚಯದವರ ಕಣ್ಣಿಗೆ ಬೀಳಬಾರದೆಂದು ನಂಜನಗೂಡು ಬಿಟ್ಟು ಇಲ್ಲಿಗೆ ಬಂದವನು, ಊರು ಕೇಳಿದವರಿಗೆ ಸುಳ್ಳು ಹೇಳಿದ್ದ. ಮರಿಸ್ವಾಮಿ ಅರ್ಧ ಲೋಟ ಕೊಟ್ಟಾಗ, "ನಾನೇನು ಅರ್ಧ ಮನುಷ್ಯನಾ?" ಎಂದು ರೇಗಿ ತುಂಬಿಸಿಕೊಂಡಿದ್ದ. ತುಟಿಗೆ ತಲುಪುವಷ್ಟರಲ್ಲಿ ಟೀಯೆಲ್ಲ ಪ್ಯಾಂಟಿನ ಮೇಲಿತ್ತು. ಯಾರೂ ನಗಲಿಲ್ಲ.

ಈಗ ಎದುರಿನ ಬೆಂಚಿನಲ್ಲಿ ಹೊಸಬನೊಬ್ಬ ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಕೂತಿದ್ದ. ಎಲ್ಲರ ಕಣ್ಣೂ ಸಿದ್ದರಾಜುವಿನ ಕೈ ಮೇಲೆ. ಉಸಿರು ಬಿಗಿಹಿಡಿದು ಫ್ಲಾಸ್ಕ್ ಬಗ್ಗಿಸಿದ. ಸಣ್ಣ ಧಾರೆಯಾಗಿ ಇಳಿದ ಟೀ ಲೋಟದ ಅರ್ಧಕ್ಕೆ ಸರಿಯಾಗಿ ನಿಂತಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ.

"ಇದೇನ್ ಸಾ, ಅರ್ಧ ಲೋಟ? ಬಿಕ್ಸೆಗೆ ಬಂದಿದ್ದೀನಾ ನಾನು?" ಹೊಸಬ ಮುಖ ಸಿಂಡರಿಸಿದ.

ಮರಿಸ್ವಾಮಿ ಮೀಸೆಯಡಿಯಲ್ಲೇ ನಕ್ಕ. ಸಿದ್ದರಾಜು ತಲೆಯೆತ್ತಿ, ಬಾಗಿಲಾಚೆಗೂ ಕೇಳುವಂತೆ ಹೇಳಿದ: "ಕುಡಿ ಕಣಪ್ಪಾ, ನಾನೂ ಇಂಗೇ ರೇಗಿದ್ದೆ. ನನ್ ಎಸ್ರು ಸಿದ್ದರಾಜು. ನಂಜನಗೂಡಿನೋನು."