ಹೊಂದಿಸಿದ ಉತ್ತರ

ನೇತ್ರಾ ಬೋರ್ಡಿನ ಮೇಲೆ ಲೆಕ್ಕವನ್ನು ಸರಿಯಾಗಿಯೇ ಬಿಡಿಸುತ್ತ ಬಂದು, ಹನ್ನೆರಡು ಬರಬೇಕಾದ ಕಡೆಯ ಸಾಲಿನಲ್ಲಿ ಹದಿನಾಲ್ಕು ಎಂದು ಬರೆದುಬಿಟ್ಟಳು. ಒಂದು ಕಾಲಕ್ಕೆ ಭೌತವಿಜ್ಞಾನಿಯಾಗಿದ್ದ ಗಣಿತದ ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು.

"ಉತ್ತರ ಹೊಂದಿಸ್ತೀಯಾ? ಲ್ಯಾಬಲ್ಲಿ ನಮ್ಮ ಗೈಡು ತನಗೆ ಬೇಕಾದ ಅಂಕಿನೇ ಬರಬೇಕು ಅಂದ, ಸಂಶೋಧನೆನೇ ಬಿಟ್ಟೆ. ಸಿಮೆಂಟ್ ಫ್ಯಾಕ್ಟರೀಲಿ ಮ್ಯಾನೇಜರೂ ಅದನ್ನೇ ಹೇಳಿದ. ರಾಜೀನಾಮೆ ಅವನ ಮುಖಕ್ಕೆ ಎಸೆದು ಬಂದೆ. ಇಲ್ಲೂ ಅದೇ ಕಳ್ಳಾಟನಾ?" ಡಸ್ಟರನ್ನು ಮೇಜಿಗೆ ಕುಟ್ಟಿದರು. "ಯಾರೇ ಕಲಿಸಿದ್ದು ನಿಂಗೆ ಇದನ್ನ? ಬಾಯಿ ಬಿಡು!"

ಹುಡುಗಿ ಸೀಮೆಸುಣ್ಣ ಕೆಳಗಿಟ್ಟಳು.

"ನಿನ್ನೆ ನಂಗೆ ಹನ್ನೆರಡೇ ಬಂದಿತ್ತು ಸರ್. ಪುಸ್ತಕದ ಹಿಂದೆ ಹದಿನಾಲ್ಕು ಅಂತಿದೆ ಅಂತ ನೀವೇ ತಪ್ಪು ಹಾಕಿದ್ರಿ."