ಗುಹೆಯ ಬಾಗಿಲಲ್ಲಿ ಇಬ್ಬರು

ಗೋಕುಲ್‌ನ ಯೋಧ ಮತ್ತೆ ಅಡ್ಡ ಬಂದು ನಿಂತ. ಸರ್ಪ ಉಗುಳಿದ ಬೆಂಕಿಯೆಲ್ಲ ಅವನ ಕವಚದ ಮೇಲೆ ಬಿತ್ತು. ಹಿಂದಿದ್ದ ಪುನೀತ್‌ನ ಬಿಲ್ಲುಗಾರನಿಗೆ ಒಂದು ಕಿಡಿಯೂ ತಾಗಲಿಲ್ಲ.

ಕಂಪ್ಯೂಟರ್ ತೆರೆಯ ಮೂಲೆಯಲ್ಲಿ ಅಕ್ಷರಗಳು ಮೂಡಿದವು: ‘ನೀನು ಹಿಂದೆ ಇರು. ನಾನು ನೋಡ್ಕೋತೀನಿ.’

ರಾಧಾಮಣಿಯ ಬೆರಳು ಕೀಲಿಯ ಮೇಲೇ ನಿಂತಿತು. ಇವನಿಗೆ ಗೊತ್ತಾಗಿದೆ. ಖಂಡಿತ ಗೊತ್ತಾಗಿದೆ.

ಪುನೀತ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಟ್ಟೂರಿನ ಆ ಕೋಣೆಯಲ್ಲಿ, ಅವನ ಕುರ್ಚಿಯಲ್ಲಿ ಕೂತು, ಅವನ ಹೆಸರಿನಲ್ಲಿ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಆಡುತ್ತಿದ್ದವಳು ಅವನ ತಾಯಿ. ಗೋಕುಲ್ ಶೆಟ್ಟಿಹಳ್ಳಿಯ ಹುಡುಗ. ಇಬ್ಬರಿಗೂ ಒಂದೇ ರಕ್ತದ ಕಾಯಿಲೆ, ಆಸ್ಪತ್ರೆ ಮಾತ್ರ ಬೇರೆ. ಸೋಂಕಿನ ಭಯಕ್ಕೆ ಒಬ್ಬರನ್ನೊಬ್ಬರು ಎಂದೂ ಕಂಡಿರಲಿಲ್ಲ. ಇದ್ದ ಸ್ನೇಹವೆಲ್ಲ ಈ ಆಟದೊಳಗೆ.

ಕೊನೆಯ ವಾರ ಪುನೀತ್ ಹೇಳಿದ್ದ. “ಅವ್ನಿಗೆ ಹೇಳ್ಬೇಡಮ್ಮ. ನಾನಿಲ್ಲ ಅಂದ್ರೆ ಟ್ರೀಟ್‌ಮೆಂಟೇ ಬಿಟ್ಬಿಡ್ತಾನೆ ಆ ಗೂಬೆ. ಅವ್ನು ಹುಷಾರಾಗೋವರ್ಗೂ ನೀನೇ ಆಡು.”

“ನಂಗೆಲ್ಲಿ ಬರತ್ತೋ ಅದೆಲ್ಲ?”

“ಬರೋದೇನ್ ಬೇಡ. ದಿನಾ ಬೈದ್ರೆ ಸಾಕು.”

ಅವನು ಹೋಗಿ ತಿಂಗಳು ಕಳೆದ ಮೇಲೆ ಅವಳು ಕಂಪ್ಯೂಟರ್ ಹಾಕಿದಳು. ಹಳೆಯ ಸಂದೇಶಗಳನ್ನು ಪಾಠದಂತೆ ಓದಿದಳು. ‘ಲೇ ಕೋತಿ, ನನ್ ಮದ್ದಿನ ಬಾಟ್ಲಿ ಕದ್ದೆ ಅಲ್ವಾ.’ ‘ನೀನ್ ಸತ್ರೆ ಕತ್ತಿ ನಂದೇ ಮಗಾ.’ ಹುಡುಗರು ಒಬ್ಬರನ್ನೊಬ್ಬರು ದೋಚಿದ್ದರು, ಹಳ್ಳಕ್ಕೆ ತಳ್ಳಿದ್ದರು, ಬಿದ್ದವನನ್ನು ನೋಡಿ ನಕ್ಕಿದ್ದರು. ಅವಳೂ ಟೈಪ್ ಮಾಡಿದಳು: ‘ಬದ್ಕಿದೀಯಾ ಗೂಬೆ?’

ಉತ್ತರಕ್ಕೆ ಒಂದು ಗಂಟೆ ಹಿಡಿಯಿತು. ‘ಇದ್ದೀನಿ. ನೀನು ಹೇಗಿದ್ದೀಯ?’

ಅಂದಿನಿಂದ ಗೋಕುಲ್ ಒಂದು ದಿನವೂ ಬೈದಿಲ್ಲ. ಕದ್ದಿಲ್ಲ. ಸಿಕ್ಕಿದ ಮದ್ದನ್ನೆಲ್ಲ ಬಿಲ್ಲುಗಾರನ ಚೀಲಕ್ಕೇ ಹಾಕುತ್ತಾನೆ. ಊಟ ಆಯ್ತಾ ಎಂದು ಕೇಳುತ್ತಾನೆ. ಕಾಯಿಲೆಯ ಹುಡುಗ ಆಟದಲ್ಲಾದರೂ ಸಾಯದಿರಲಿ ಎಂದು ಅವಳು ಮುಂದೆ ಹೋದರೆ ಅವನು ಇನ್ನೂ ಮುಂದೆ ಹೋಗುತ್ತಾನೆ. ಮೂರು ವಾರದಿಂದ ಇಬ್ಬರೂ ಗುಹೆಯ ಬಾಗಿಲಲ್ಲೇ ಇದ್ದರು. ಸರ್ಪ ಆರಾಮಾಗಿತ್ತು.

ಆಟ ಮುಗಿದರೂ ಅವಳು ಕಂಪ್ಯೂಟರ್ ಆರಿಸುತ್ತಿರಲಿಲ್ಲ. ಯಾರೂ ಮುಟ್ಟದಿದ್ದಾಗಲೂ ಬಿಲ್ಲುಗಾರನ ಎದೆ ಏರಿ ಇಳಿಯುತ್ತಿತ್ತು. ಬಟ್ಟೆ ಒಣಹಾಕಿ ಬಂದು ನೋಡುವಳು. ಉಸಿರಾಡುತ್ತಿದ್ದಾನೆ. ಅನ್ನಕ್ಕಿಟ್ಟು ಬಂದು ನೋಡುವಳು. ಉಸಿರಾಡುತ್ತಿದ್ದಾನೆ.

ಸೋಮವಾರ ಆ ಸಂದೇಶ ಬಂತು. ‘ಒಂದು ವಿಷಯ ಇದೆ. ಎದುರಿಗೇ ಹೇಳ್ಬೇಕು. ಯಲಹಂಕ ನ್ಯೂಟೌನ್ ಬಸ್‌ಸ್ಟಾಂಡ್ ಪಕ್ಕದ ಜ್ಯೂಸ್ ಅಂಗಡಿಗೆ ನಾಳೆ ಬರ್ತೀಯಾ?’

ಮರುದಿನ ದಾರಿಯುದ್ದಕ್ಕೂ ಅವಳು ಒಂದೇ ಮಾತನ್ನು ಹೊಂದಿಸಿಕೊಂಡಳು. ನಾನು ಸುಳ್ಳು ಹೇಳಿದೆ ಕಣಪ್ಪ, ಬೇಕಾದ್ರೆ ನನ್ ಮುಖ ನೋಡ್ಬೇಡ, ಚಿಕಿತ್ಸೆ ಮಾತ್ರ ಬಿಡ್ಬೇಡ.

ಅಂಗಡಿಯಲ್ಲಿ ಮಾಸ್ಕ್ ಹಾಕಿದ ಹುಡುಗ ಯಾರೂ ಇರಲಿಲ್ಲ. ಮೂಲೆಯ ಮೇಜಿನಲ್ಲಿ ಅರವತ್ತರ ಒಬ್ಬ ಮನುಷ್ಯ ಕೂತಿದ್ದ. ಹೆಗಲ ಮೇಲೆ ಟವೆಲ್ಲು. ಒಳಗೆ ಬಂದ ಒಬ್ಬೊಬ್ಬ ಹುಡುಗನ ಮುಖವನ್ನೂ ಹುಡುಕಿ ನೋಡುತ್ತಿದ್ದ. ಹುಡುಗನ ಜೊತೆಗೆ ಬಂದವರಿರಬೇಕು ಎಂದುಕೊಂಡು ಅವಳು ಹತ್ತಿರ ಹೋದಳು.

“ಗೋಕುಲ್ ಕಡೆಯವ್ರಾ? ನಾನು ಪುನೀತ್ ತಾಯಿ.”

ಆತ ಎದ್ದು ನಿಂತ. ಅವಳ ಬೆನ್ನ ಹಿಂದೆ ಬಾಗಿಲವರೆಗೂ ನೋಡಿ, ದನಿ ತಗ್ಗಿಸಿದ.

“ಮಗ ಬರ್ಲಿಲ್ವಾ? ಒಳ್ಳೇದೇ ಆಯ್ತು ಬುಡಮ್ಮ, ನೀವೇ ಅವನ್ಗೆ ನಿಧಾನಕ್ಕೆ ತಿಳಿಸಿ... ನಮ್ ಗೋಕುಲ ಓಗಿ ಏಳು ತಿಂಗ್ಳಾಯ್ತು, ಇಷ್ಟ್ ದಿನ ಅವನ್ ಜತೆ ಆಡ್ತಿದ್ದೋನು ನಾನು.”